ನೀರಿನ ಮೇಲೆ ವಿದ್ಯುತ್ತಿನ ಓಟ

ಬಳ್ಳಾರಿಯ ಪಾರ್ವತಿನಗರದಲ್ಲಿ ವಿದ್ಯುತ್ ಸ್ಕೂಟರೊಂದು ಸದ್ದಿಲ್ಲದೆ ಸಾಗಿಹೋದರೆ ಇಂದು ಯಾರೂ ತಿರುಗಿ ನೋಡುವುದಿಲ್ಲ. ಆದರೆ ವಿದ್ಯುತ್ ಮೋಟಾರನ್ನು ದೋಣಿಗೆ ಜೋಡಿಸಿ ಗಂಟೆಗೆ ನೂರು ಮೈಲಿ ಓಡಿಸಬೇಕೆಂದರೆ ಎಂಜಿನಿಯರರ ಹಣೆಯಲ್ಲಿ ಬೆವರೊಡೆಯುತ್ತದೆ. ಅಲ್ಲಿ ಅವರ ಎದುರಾಳಿ ನೀರು.

ನೀರು ಗಾಳಿಗಿಂತ ಸುಮಾರು 800 ಪಟ್ಟು ಸಾಂದ್ರವಾದುದು. ಹಂಪೆಯ ಬಳಿ ಹರಿಗೋಲಿನಲ್ಲಿ ತುಂಗಭದ್ರೆಯನ್ನು ದಾಟಿದವರಿಗೆ ಇದರ ಅನುಭವವುಂಟು. ಅಂಬಿಗನು ಎಷ್ಟೇ ಬಲವಾಗಿ ಹುಟ್ಟು ಹಾಕಿದರೂ, ಎದುರಿನ ನೀರನ್ನು ಪಕ್ಕಕ್ಕೆ ತಳ್ಳಿಯೇ ಆ ದುಂಡು ಬುಟ್ಟಿ ಮುಂದುವರಿಯಬೇಕು. ವೇಗ ಎರಡು ಪಟ್ಟಾದರೆ ನೀರಿನ ತಡೆ ಸುಮಾರು ನಾಲ್ಕು ಪಟ್ಟಾಗುತ್ತದೆ. ಬೇಕಾಗುವ ಶಕ್ತಿಯೋ ಎಂಟು ಪಟ್ಟು! ಇದಕ್ಕಿರುವ ಉಪಾಯ, ನೀರಿನೊಡನೆ ಗುದ್ದಾಡದೆ ಅದರ ಮೇಲೇರಿ ಜಾರುವುದು.

ಪಂದ್ಯದ ದೋಣಿಯ ತಳವನ್ನು ಹಾಗೆಂದೇ ರೂಪಿಸುತ್ತಾರೆ. ವೇಗ ಏರಿದಂತೆ ಒಡಲು ಮೇಲೇಳುತ್ತದೆ. ಕೊನೆಗೆ ಮುಂಬದಿಯ ಎರಡು ಪಕ್ಕಗಳ ತುದಿಯೂ ಹಿಂದಿನ ಪ್ರೊಪೆಲ್ಲರೂ ಮಾತ್ರ ನೀರನ್ನು ಸೋಕುತ್ತಿರುತ್ತವೆ. ಮೇಲೇಳುವ ಆ ಗಳಿಗೆಯೇ ಕಠಿಣವಾದುದು. ನಿಂತಲ್ಲಿಂದಲೇ ಪೂರ್ಣ ತಿರುಚುಬಲವನ್ನು ನೀಡುವ ವಿದ್ಯುತ್ ಮೋಟಾರು ಇಲ್ಲಿ ಬಹಳ ನೆರವಾಗುತ್ತದೆ.

ತೊಡಕು ಇರುವುದು ಬ್ಯಾಟರಿಯಲ್ಲಿ. ಒಂದು ಕಿಲೋ ಪೆಟ್ರೋಲಿನಲ್ಲಿರುವ ಶಕ್ತಿಯ ಸಣ್ಣದೊಂದು ಅಂಶ ಮಾತ್ರ ಅಷ್ಟೇ ತೂಕದ ಲಿಥಿಯಂ ಬ್ಯಾಟರಿಯಲ್ಲಿರುತ್ತದೆ. ಹಗುರವಾಗಿ ಮೇಲೇಳಬೇಕಾದ ದೋಣಿ ಈ ಭಾರವನ್ನು ಹೊರಲೇಬೇಕು. ಭಾರ ಹಿಂದಕ್ಕೆ ಸರಿದರೆ ಮೂತಿ ಮೇಲೇಳುತ್ತದೆ. ಮುಂದಕ್ಕೆ ಸರಿದರೆ ನೀರಿನಲ್ಲಿ ನಾಟಿಕೊಳ್ಳುತ್ತದೆ.

ಮೂತಿ ಮೇಲೇಳುವುದೆಂದರೆ ಪ್ರಾಣಾಪಾಯವೇ. ತಳದಡಿ ನುಗ್ಗಿದ ಗಾಳಿ ದೋಣಿಯನ್ನು ರೆಕ್ಕೆಯಂತೆ ಎತ್ತಿ ಬಿಸುಡುತ್ತದೆ. 1967ರ ಜನವರಿ 4ರಂದು ಇಂಗ್ಲೆಂಡಿನ ಕಾನಿಸ್ಟನ್ ಸರೋವರದಲ್ಲಿ ಡೊನಾಲ್ಡ್ ಕ್ಯಾಂಪ್‌ಬೆಲ್ ಗಂಟೆಗೆ 300 ಮೈಲಿಯನ್ನು ಮೀರಲು ಯತ್ನಿಸುತ್ತಿದ್ದಾಗ ಅವರ ಜೆಟ್ ದೋಣಿ 'ಬ್ಲೂಬರ್ಡ್' ಹೀಗೆಯೇ ಮಗುಚಿತು. ಆ ಸಾಹಸಿಯ ದೇಹ ಸರೋವರದ ತಳದಲ್ಲಿ ದೊರೆತದ್ದು 2001ರಲ್ಲಿ!

ಅದೇ ಸರೋವರದಲ್ಲಿ 2018ರ ಜೂನ್ ತಿಂಗಳಲ್ಲಿ ಪೀಟರ್ ಡ್ರೆಜ್ ಎಂಬ ಚಾಲಕರು ಜಾಗ್ವಾರ್ ವೆಕ್ಟರ್ ತಂಡದ ವಿದ್ಯುತ್ ದೋಣಿಯನ್ನು ಗಂಟೆಗೆ 88.61 ಮೈಲಿ ವೇಗದಲ್ಲಿ ಓಡಿಸಿ ದಾಖಲೆ ನಿರ್ಮಿಸಿದರು. ಅದರ ಬ್ಯಾಟರಿಯ ತೂಕವೇ 320 ಕಿಲೋ. ಗಾಳಿಯ ಸಹಾಯದಿಂದ ಗೆದ್ದರೆಂಬ ಮಾತು ಬಾರದಿರಲೆಂದು ಇಂಥ ದಾಖಲೆಗಳಲ್ಲಿ ಹೋಗುವ ಮತ್ತು ಬರುವ ಎರಡೂ ಓಟಗಳ ಸರಾಸರಿಯನ್ನು ಲೆಕ್ಕಹಾಕುತ್ತಾರೆ. 2023ರ ಅಕ್ಟೋಬರಿನಲ್ಲಿ ಅಮೆರಿಕದ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ಸಜ್ಜುಗೊಳಿಸಿದ ದೋಣಿ 114.20 ಮೈಲಿ ವೇಗವನ್ನು ಮುಟ್ಟಿತು.

ಇಷ್ಟೆಲ್ಲ ಸಾಹಸದಿಂದ ಜನಸಾಮಾನ್ಯರಿಗೇನು ಲಾಭವೆಂದು ವಾಚಕರು ಕೇಳಬಹುದು. ಓಟದ ದೋಣಿಗೆ ಬೇಕಾದ ಹಗುರ ಒಡಲು, ಮಿತವಾದ ಬ್ಯಾಟರಿ, ಕಡಿಮೆ ತಡೆಯ ತಳ ಇವೇ ಪ್ರಯಾಣಿಕರ ದೋಣಿಗೂ ಬೇಕು. ಕೇರಳದ ವೈಕಂನಲ್ಲಿ 2017ರಿಂದ 'ಆದಿತ್ಯ' ಎಂಬ ಸೌರದೋಣಿ ಒಮ್ಮೆಗೆ 75 ಜನರನ್ನು ಹೊಗೆಯಿಲ್ಲದೆ ದಾಟಿಸತೊಡಗಿತು. ಅದಕ್ಕೆ ಪಂದ್ಯದ ವೇಗವಿಲ್ಲ. ಆದರೂ ನೀರಿನ ತಡೆಯನ್ನು ಗೆಲ್ಲುವ ಲೆಕ್ಕ ಅಲ್ಲಿಯೂ ಅದೇ.