ಪುತ್ತೂರಿನಲ್ಲಿ ಕಾರಂತರ ಅಚ್ಚಿನ ಸಾಹಸ

ಶಿವರಾಮ ಕಾರಂತರೆಂದರೆ ಕಾದಂಬರಿಗಳೇ ನೆನಪಾಗುತ್ತವೆ. ಆದರೆ 1924ರಲ್ಲಿ ಬೆಳಕು ಕಂಡ ಅವರ ಮೊದಲ ಪುಸ್ತಕ ‘ರಾಷ್ಟ್ರಗೀತ ಸುಧಾಕರ’ ಕವನ ಸಂಕಲನ. ಗಾಂಧೀಜಿಯ ಕರೆಗೆ ಓಗೊಟ್ಟು ಕಾಲೇಜು ಬಿಟ್ಟ ತರುಣನ ಪದ್ಯಗಳವು. ಮುಂದೆ ಅವರು ಪದ್ಯವನ್ನು ರಂಗಕ್ಕೆ ಒಯ್ದು, ‘ಮುಕ್ತದ್ವಾರ’, ‘ಕಿಸಾಗೋತಮಿ’ಯಂಥ ಗೀತನಾಟಕಗಳಲ್ಲಿ ಹೊಸ ಪ್ರಯೋಗಗಳನ್ನು ನಡೆಸಿದರು.

ಪ್ರಯೋಗ ಬರಹಕ್ಕಷ್ಟೇ ನಿಲ್ಲಲಿಲ್ಲ. ಪುತ್ತೂರು, ಸುಳ್ಯ, ಕಡಬದ ಸೀಮೆ ಆಗ ಮದರಾಸು ಪ್ರಾಂತ್ಯದಲ್ಲಿತ್ತು. ಕನ್ನಡ ಪುಸ್ತಕಗಳ ದೊಡ್ಡ ಪೇಟೆಗಳು ಘಟ್ಟದ ಮೇಲಿದ್ದವು. 1930-40ರ ದಶಕಗಳಲ್ಲಿ ಕಾರಂತರು ಮುದ್ರಣಕ್ಕೂ ಕೈಹಾಕಿ, ತಮ್ಮ ಕಾದಂಬರಿಗಳನ್ನು ತಾವೇ ಅಚ್ಚು ಹಾಕಿದರು. ಅನೇಕ ಪುಸ್ತಕಗಳ ಮುಖಪುಟವೂ ಅವರದೇ.

ಕೆಲಸವೇನೂ ಸಲೀಸಲ್ಲ. ಹಸ್ತಪ್ರತಿಯನ್ನು ಎದುರಿಗಿಟ್ಟುಕೊಂಡು ಒಂದೊಂದೇ ಮೊಳೆ ಜೋಡಿಸಬೇಕು. ಇಂಗ್ಲಿಷಿನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಸೇರಿ 52. ಕನ್ನಡದಲ್ಲಾದರೋ ಗುಣಿತ, ಒತ್ತುಗಳಿಗೆಲ್ಲ ಬೇರೆ ಬೇರೆ ಮೊಳೆ, ಬೇರೆ ಬೇರೆ ಗೂಡು. ಸಣ್ಣ ಮುದ್ರಣಾಲಯದಲ್ಲಿ ಇಡೀ ಪುಸ್ತಕಕ್ಕಾಗುವಷ್ಟು ಮೊಳೆಗಳಿರುವುದಿಲ್ಲ. ಕೆಲವು ಪುಟ ಅಚ್ಚಾದೊಡನೆ ಮೊಳೆಗಳನ್ನು ಬಿಚ್ಚಿ, ಅವುಗಳಿಂದಲೇ ಮುಂದಿನ ಪುಟ ಜೋಡಿಸಬೇಕು. ಬಿಚ್ಚಿದ ಮೇಲೆ ತಪ್ಪು ಕಣ್ಣಿಗೆ ಬಿದ್ದರೆ ಒಪ್ಪೋಲೆಯೇ ಗತಿ!

ಕಾಗದಕ್ಕೆ, ಕೂಲಿಗೆ ಹಣ ಮೊದಲೇ ಸುರಿಯಬೇಕು. ಪುಸ್ತಕ ಮಾರಾಟವಾಗಿ ಅದು ಮರಳುವುದು ನಿಧಾನ. ಕಾರಂತರಿಗೆ ಈ ಸಾಹಸದಲ್ಲಿ ನಷ್ಟವೇ ಆಯಿತು. ಲೇಖನಿಯನ್ನಂತೂ ಅವರು ಕೆಳಗಿಡಲಿಲ್ಲ. 1977ರಲ್ಲಿ ‘ಮೂಕಜ್ಜಿಯ ಕನಸುಗಳು’ ಅವರಿಗೆ ಜ್ಞಾನಪೀಠ ಪ್ರಶಸ್ತಿ ತಂದಿತು. ಪುತ್ತೂರಿನ ಬಾಲವನದಲ್ಲಿ ಅವರು ದಶಕಗಳ ಕಾಲ ಬಾಳಿದ ಮನೆ ಈಗ ವಸ್ತುಸಂಗ್ರಹಾಲಯ.