ತುಂಬಿದ ಬಕೆಟ್, ತೆರೆದ ತೊಟ್ಟಿ

ಹಿರಿಯೂರಿನವರಿಗೆ ನೀರಿನ ಬೆಲೆಯನ್ನು ಯಾರೂ ಹೇಳಿಕೊಡಬೇಕಾಗಿಲ್ಲ. 1907ರಲ್ಲಿ ಪೂರ್ಣಗೊಂಡ ವಾಣಿವಿಲಾಸ ಸಾಗರವು 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೊಮ್ಮೆ ಕೋಡಿ ಬಿದ್ದದ್ದು 89 ವರ್ಷಗಳ ನಂತರ, 2022ರಲ್ಲಿ. ಇಂಥ ಬಯಲುಸೀಮೆಯಲ್ಲಿ ನಲ್ಲಿಗೆ ನೀರು ಬಂದ ದಿನ ಮನೆಯ ಕೊಡ, ಬಕೆಟ್, ಡ್ರಮ್ಮು, ತೊಟ್ಟಿಗಳೆಲ್ಲ ತುಂಬುತ್ತವೆ. ಇದು ಜಾಣತನವೇ. ಆದರೆ ಆಗತಾನೇ ನಡೆಯಲು ಕಲಿತ ಮಗು ಮನೆಯಲ್ಲಿದ್ದರೆ, ಹೀಗೆ ಕೂಡಿಟ್ಟ ನೀರೇ ಅಪಾಯ ತರಬಹುದು.

ಬಕೆಟ್ ನೀರಿನಲ್ಲಿ ಮಗು ಮುಳುಗುವುದುಂಟೆ ಎಂದು ನೀವು ಕೇಳಬಹುದು. ಉತ್ತರ ನಿಮ್ಮ ವಿಜ್ಞಾನದ ಪಾಠದಲ್ಲೇ ಇದೆ. ಹುಟ್ಟಿದ ಮಗುವಿನ ತಲೆ ಅದರ ದೇಹದ ಉದ್ದದಲ್ಲಿ ಕಾಲುಭಾಗ. ವಯಸ್ಕರಲ್ಲಿ ಸುಮಾರು ಎಂಟನೇ ಒಂದು ಭಾಗ. ಎರಡು ವರ್ಷದಲ್ಲೂ ತಲೆಯ ಪಾಲು ಹೆಚ್ಚೇ ಇರುವುದರಿಂದ ಗುರುತ್ವಕೇಂದ್ರ ಮೇಲಿರುತ್ತದೆ. ತೇಲುವ ಚೊಂಬನ್ನು ಹಿಡಿಯಲು ಬಗ್ಗಿದ ಮಗು ತಲೆಕೆಳಗಾಗಿ ಬೀಳುತ್ತದೆ. 20 ಲೀಟರ್ ನೀರಿನ ತೂಕ 20 ಕೆ.ಜಿ.; ಮಗುವಿನದು ಸುಮಾರು 12 ಕೆ.ಜಿ. ಹಾಗಾಗಿ ಬಕೆಟ್ ಉರುಳುವುದಿಲ್ಲ, ಮಗುವಿಗೆ ತಲೆಯೆತ್ತಲೂ ಆಗುವುದಿಲ್ಲ. ಬಾಯಿ ನೀರಿನಲ್ಲಿರುವಾಗ ಅಳುವ ಸದ್ದು ಕೇಳಿಸುವುದಿಲ್ಲ. ಆಮ್ಲಜನಕವಿಲ್ಲದೆ ಕೆಲವೇ ನಿಮಿಷಗಳಲ್ಲಿ ಮಿದುಳಿಗೆ ಹಾನಿ ಆರಂಭವಾಗುತ್ತದೆ.

ಆದ್ದರಿಂದ "ನಾವು ನೋಡಿಕೊಳ್ಳುತ್ತಲೇ ಇರುತ್ತೇವೆ" ಎಂಬ ಮಾತು ಸಾಲದು. ಒಲೆಯ ಮೇಲೆ ಹಾಲು ಉಕ್ಕುವಷ್ಟು ಹೊತ್ತು ಯಾರ ಕಣ್ಣಾದರೂ ತಪ್ಪುತ್ತದೆ. ಆ ಹೊತ್ತಿನಲ್ಲೂ ಅಪಾಯವಾಗದಂತೆ ಮನೆಯನ್ನು ಸಜ್ಜುಗೊಳಿಸಬೇಕು. ಬಳಸಿದ ಬಕೆಟ್ಟನ್ನು ಖಾಲಿ ಮಾಡಿ ಬೋರಲು ಹಾಕಿ. ಡ್ರಮ್ಮಿಗೆ ಬಿಗಿಯಾದ ಮುಚ್ಚಳವಿರಲಿ. ಡೆಂಗಿ ಹರಡುವ ಸೊಳ್ಳೆಗೂ ಅಲ್ಲಿ ಮೊಟ್ಟೆಯಿಡಲು ಜಾಗ ಸಿಗದು. ನೆಲದೊಳಗಿನ ತೊಟ್ಟಿಯ ಮುಚ್ಚಳಕ್ಕೆ ಬೀಗ ಹಾಕಿ. ಬಚ್ಚಲುಮನೆಯ ಬಾಗಿಲಿಗೆ ಮಗುವಿನ ಕೈಗೆಟುಕದಷ್ಟು ಎತ್ತರದಲ್ಲಿ ಚಿಲಕವಿರಲಿ. ಸ್ನಾನಕ್ಕೆ ಹದಮಾಡುವಾಗ ಮೊದಲು ತಣ್ಣೀರು, ಆಮೇಲೆ ಹಂಡೆಯ ಬಿಸಿನೀರು.

ಅಂಗಳ, ತೋಟಗಳ ಕಡೆಗೂ ಕಣ್ಣು ಹಾಯಿಸಿ. ನೀರು ಬಾರದ ಕೊಳವೆಬಾವಿಯನ್ನು ತೆರೆದು ಬಿಡುವಂತಿಲ್ಲ. ಅದನ್ನು ತಳದಿಂದ ನೆಲಮಟ್ಟದವರೆಗೆ ಮಣ್ಣು, ಮರಳು, ಕಲ್ಲುಗಳಿಂದ ತುಂಬಬೇಕೆಂದು ಸರ್ವೋಚ್ಚ ನ್ಯಾಯಾಲಯ 2010ರಲ್ಲೇ ನಿರ್ದೇಶಿಸಿದೆ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ಇಂಥ ತೆರೆದ ಕೊಳವೆಗೆ ಬಿದ್ದ ಪುಟ್ಟ ಮಗುವನ್ನು ಸುಮಾರು 20 ಗಂಟೆಗಳ ಪ್ರಯತ್ನದ ನಂತರ ಜೀವಂತವಾಗಿ ಹೊರತೆಗೆಯಲಾಯಿತು. ಇಂಥ ಅದೃಷ್ಟ ಎಲ್ಲ ಮಕ್ಕಳಿಗೂ ಇರಲಿಲ್ಲ.

ಮಗು ನೀರಿಗೆ ಬಿದ್ದೇಬಿಟ್ಟರೆ ಏನು ಮಾಡಬೇಕು? ಕೂಡಲೇ ಮೇಲೆತ್ತಿ. ಕಾಲು ಹಿಡಿದು ತಿರುಗಿಸುವುದು, ನೀರು ಕಕ್ಕಿಸಲು ಹೊಟ್ಟೆ ಒತ್ತುವುದು ಬೇಡ. ಅಮೂಲ್ಯ ಕ್ಷಣಗಳು ವ್ಯರ್ಥವಾಗುತ್ತವೆ. ಉಸಿರಾಟವಿಲ್ಲದಿದ್ದರೆ ಬಾಯಿಯ ಮೂಲಕ ಉಸಿರು ತುಂಬಿ, ಎದೆಯನ್ನು ಲಯಬದ್ಧವಾಗಿ ಒತ್ತಬೇಕು. ಅಷ್ಟರಲ್ಲಿ ಇನ್ನೊಬ್ಬರು 108ಕ್ಕೆ ಕರೆ ಮಾಡಲಿ. ಈ ಕ್ರಮವನ್ನು ಓದಿ ಕಲಿತರೆ ಸಾಲದು. ಎನ್.ಸಿ.ಸಿ., ಸ್ಕೌಟ್ಸ್ ಅಥವಾ ರೆಡ್ ಕ್ರಾಸ್ ನಡೆಸುವ ಪ್ರಥಮ ಚಿಕಿತ್ಸೆಯ ತರಬೇತಿಯಲ್ಲಿ ಕೈಯಾರೆ ಮಾಡಿ ಕಲಿಯಿರಿ.

ಎತ್ತರ ಬದಲಾದರೆ ನೋಟವೂ ಬದಲಾಗುತ್ತದೆ ಎಂಬುದು ಕ್ಯಾಮೆರಾ ಹಿಡಿಯುವವರಿಗೆ ಗೊತ್ತು. ಇಂದು ಸಂಜೆ ನಿಮ್ಮ ಕಣ್ಣು ನೆಲದಿಂದ ಎರಡೂವರೆ ಅಡಿ ಎತ್ತರಕ್ಕೆ ಬರುವಂತೆ ಕುಳಿತು ಮನೆಯನ್ನು ಸುತ್ತ ನೋಡಿ. ಕೈಗೆ ಎಟುಕುವ ನೀರು ಎಲ್ಲೆಲ್ಲಿದೆ ಎಂದು ಪಟ್ಟಿ ಮಾಡಿ. ಮನೆಯಲ್ಲಿ ತಮ್ಮ, ತಂಗಿ ಇಲ್ಲದಿದ್ದರೂ ಈ ಕೆಲಸ ಬಿಡಬೇಡಿ. ಪಕ್ಕದ ಮನೆಯ ಮಗು ನಿಮ್ಮ ಹೊಸ್ತಿಲು ದಾಟಿ ಬರುವುದಕ್ಕೆ ಯಾರ ಅಪ್ಪಣೆಯನ್ನೂ ಕೇಳುವುದಿಲ್ಲ.