ಬಾಯಿಯ ಸೂಕ್ಷ್ಮಜೀವಿಗಳು ಮತ್ತು ನಮ್ಮ ಆರೋಗ್ಯ

ಮನುಷ್ಯರ ಬಾಯಿಯಲ್ಲಿ ಈವರೆಗೆ ಸುಮಾರು 700 ಬಗೆಯ ಬ್ಯಾಕ್ಟೀರಿಯಾಗಳನ್ನು ಗುರುತಿಸಲಾಗಿದೆ. ಹಾಲೆಂಡಿನ ಲೇವನ್‌ಹುಕ್ ಅವರು 1683ರಲ್ಲಿ ತಮ್ಮ ಹಲ್ಲಿನ ಪಾಚಿಯಲ್ಲೇ ಇವುಗಳನ್ನು ಕಂಡಿದ್ದರು. ಹೆಚ್ಚಿನವು ನಿರುಪದ್ರವಿ, ಸೊಪ್ಪಿನ ನೈಟ್ರೇಟನ್ನು ಪರಿವರ್ತಿಸಿ ರಕ್ತದೊತ್ತಡದ ಹತೋಟಿಗೆ ನೆರವಾಗುವವೂ ಇವೆ.

ಕೆಲವು ಮಾತ್ರ ಸಕ್ಕರೆಯನ್ನು ಆಮ್ಲವಾಗಿಸಿ ಹಲ್ಲು ಹುಳುಕು ಮಾಡುತ್ತವೆ. ಆ ಆಮ್ಲವನ್ನು ತಗ್ಗಿಸುವ ಜೊಲ್ಲು ನಿದ್ದೆಯಲ್ಲಿ ಕಡಿಮೆಯಾಗುತ್ತದೆ. ಆದ್ದರಿಂದ ರಾತ್ರಿಭೋಜನ ತ್ಯಾಗ ಮಾಡಿದವರೂ ಮಲಗುವ ಮುನ್ನ ಹಲ್ಲುಜ್ಜಬೇಕು; ಸೂರ್ಯಾಸ್ತದ ನಂತರ ನೀರನ್ನೂ ಬಿಟ್ಟವರು ಊಟವಾದ ಮೇಲೆ, ಹೊತ್ತು ಮುಳುಗುವ ಮೊದಲೇ ಉಜ್ಜಬಹುದು. ಅದಂತಧಾವನವು ದಿಗಂಬರ ಮುನಿಗಳ 28 ಮೂಲಗುಣಗಳಲ್ಲೊಂದು. ಗೃಹಸ್ಥ ಶ್ರಾವಕರ ನಿತ್ಯನಿಯಮವಲ್ಲ.

ಹಾನಗಲ್, ಶಿಗ್ಗಾಂವ, ಸವಣೂರು, ಹಿರೇಕೆರೂರು ಕಡೆ ಊಟದ ನಂತರ ಎಲೆಅಡಿಕೆ ರೂಢಿ. ಸವಣೂರಿನ ಎಲೆಯಂತೂ ಹೆಸರುವಾಸಿ. ಆದರೆ ಅದರಿಂದ ಹಲ್ಲಿನ ಪಾಚಿ ಹೋಗದು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರ ವರದಿಯಲ್ಲಿ ತಿಳಿಸಿದೆ.

ಒಸಡಿನ ರೋಗ ಮತ್ತು ಸಕ್ಕರೆ ಕಾಯಿಲೆ ಒಂದನ್ನೊಂದು ಉಲ್ಬಣಿಸುತ್ತವೆ. ಉಜ್ಜುವಾಗ ಪದೇ ಪದೇ ರಕ್ತ ಬಂದರೆ, ಬಾಯಿಹುಣ್ಣು ಎರಡು ವಾರವಾದರೂ ಮಾಯದಿದ್ದರೆ, ನೋವಿಲ್ಲವೆಂದು ಸುಮ್ಮನಿರದೆ ದಂತವೈದ್ಯರಿಗೆ ತೋರಿಸಿ.